ಮಗನಿಗೆ ದಾರಿ ಇದೆ, ಅಪ್ಪ-ಅವ್ವನಿಗೆ ಯಾಕಿಲ್ಲ?

ಅಮೆರಿಕಕ್ಕೆ ಹೋಗೋದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಿರಿಯರಿಗೆ ಈಗ ಹೊಸ ಸುದ್ದಿ ಅಲ್ಲ. ಮಗ ಅಲ್ಲಿ ಕೆಲಸದಲ್ಲಿರ್ತಾನೆ, ಬೇಸಿಗೆಗೆ ಅಪ್ಪ-ಅವ್ವನ್ನ ಕರೆಸಿಕೊಳ್ತಾನೆ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಸೊಸೆಗೊಂದು ಇಳಕಲ್ ಸೀರೆ. ಒಂದು ಶನಿವಾರ ಎಲ್ಲರೂ ಕಾರು ಹತ್ತಿ ನಯಾಗರಕ್ಕೆ ಹೊರಡ್ತಾರೆ. ಅಲ್ಲಿ ನದಿ ಮೇಲೆ ರೇನ್‌ಬೋ ಬ್ರಿಡ್ಜ್ ಇದೆ. ಈ ಕಡೆ ಅಮೆರಿಕ, ಆ ಕಡೆ ಕೆನಡಾ. ಕುದುರೆಲಾಳದಂಥ ದೊಡ್ಡ ಜಲಪಾತವನ್ನ ಎದುರಿಗೆ ನಿಂತು ನೋಡಬೇಕಂದ್ರೆ ಆ ಕಡೆಗೇ ದಾಟಬೇಕು. ಯಡವಟ್ಟಾಗೋದೇ ಇಲ್ಲಿ.

ಮಗನ ಹತ್ತಿರ ಗ್ರೀನ್ ಕಾರ್ಡ್ ಇದೆ. ಅಂದ್ರೆ ಅವನು ಅಮೆರಿಕದ ಕಾಯಂ ನಿವಾಸಿ. ನಾಗರಿಕ ಮಾತ್ರ ಇನ್ನೂ ಭಾರತದವನೇ. ಇಂಥವರಿಗೆ ಕೆನಡಾ ವೀಸಾ ಕೇಳೋದಿಲ್ಲ. 2022ರ ಏಪ್ರಿಲ್ 26ರಿಂದ ವಿಮಾನದಲ್ಲಿ ಹೋದರೂ ಇ-ಟಿಎ ಅನುಮತಿ ಬೇಡ. ಆದರೆ ಅದೇ ದಿನದಿಂದ ಗ್ರೀನ್ ಕಾರ್ಡ್ ಜೊತೆಗೆ ಅವಧಿ ಮುಗಿಯದ ಪಾಸ್‌ಪೋರ್ಟೂ ಇರಲೇಬೇಕು. ಅಲ್ಲೇ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಓಡಾಡಿ ಅಭ್ಯಾಸವಾದವರು ಭಾರತದ ಪಾಸ್‌ಪೋರ್ಟ್ ಯಾವಾಗ ಮುಗೀತು ಅಂತಲೇ ನೋಡಿರೋದಿಲ್ಲ.

ಇನ್ನು ಅಪ್ಪ-ಅವ್ವ. "ಮಗಾ ಹೊಂಟಾನಂದ್ರ ನಮಗ್ಯಾಕ ಬಿಡಂಗಿಲ್ರೀ? ನಮಗೂ ಅಮೆರಿಕದ ವೀಸಾ ಐತಲ್ಲ?" ನ್ಯಾಯವಾದ ಪ್ರಶ್ನೆಯೇ. ಆದರೆ ವಿನಾಯಿತಿ ಇರೋದು ಗ್ರೀನ್ ಕಾರ್ಡಿಗೆ, ಅಮೆರಿಕದ ವೀಸಾಗೆ ಅಲ್ಲ. ಮಗನ ಕಾರ್ಡು ಮನೆಮಂದಿಗೆಲ್ಲ ರೇಷನ್ ಕಾರ್ಡಿನ ಥರ ನಡೆಯೋದಿಲ್ಲ. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ನೋಡ್ತಾರೆ. ಸೊಸೆ ಇನ್ನೂ ಎಚ್-1ಬಿ ಅಥವಾ ಎಚ್-4ನಲ್ಲಿದ್ದರೆ ಅವಳಿಗೂ ಕೆನಡಾ ವೀಸಾ ಬೇಕು. ಅಲ್ಲೇ ಹುಟ್ಟಿದ ಮೊಮ್ಮಗು ಮಾತ್ರ ಅಮೆರಿಕದ ಪ್ರಜೆ, ಅದಕ್ಕೆ ವೀಸಾ ಬೇಡ! ಒಂದೇ ಕಾರಿನಲ್ಲಿ ಮೂರು ನಮೂನೆ ಕಾನೂನು.

ತಮಾಷೆ ನೋಡಿ, ಇನ್ನೊಂದು ಪಕ್ಕದ ದೇಶ ಮೆಕ್ಸಿಕೊ ಅಮೆರಿಕದ ಚಾಲ್ತಿ ವೀಸಾ ಇದ್ದರೂ ತನ್ನ ವೀಸಾ ಕೇಳೋದಿಲ್ಲ. ನಮ್ಮವರಿಗೆ ಗೊಂದಲ ಆಗೋದು ಸಹಜ. ನಮಗೆ ಗೊತ್ತಿರೋ ಪಕ್ಕದ ದೇಶ ಅಂದ್ರೆ ನೇಪಾಳ. ಪಶುಪತಿನಾಥನ ದರ್ಶನಕ್ಕೆ ವೋಟರ್ ಕಾರ್ಡ್ ಸಾಕು, ವೀಸಾದ ಮಾತೇ ಇಲ್ಲ. (ವಿಮಾನದಲ್ಲಿ ಹೋಗೋ ವಯಸ್ಕರು ಬರೀ ಆಧಾರ್ ನಂಬಿ ಹೊರಡಬೇಡಿ. ಆಧಾರ್ ನಡೆಯೋದು 65 ದಾಟಿದವರಿಗೆ, 15ರ ಒಳಗಿನವರಿಗೆ.)

ಹಾಗಾದರೆ ಏನು ಮಾಡಬೇಕು? ಟಿಕೆಟ್ ಮಾಡಿಸೋ ಹೊತ್ತಿಗೇ ಕೆನಡಾ ವಿಸಿಟರ್ ವೀಸಾಗೂ ಅರ್ಜಿ ಹಾಕಿ. ಶುಲ್ಕ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚು-ಫೋಟೋಗೆ ಇನ್ನೊಂದು 85. ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಬರಬೇಕಾಗುತ್ತೆ, ಇಳಕಲ್‌ನಿಂದ ಒಂದು ರಾತ್ರಿ ಬಸ್ಸು. ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತೆ. ಅಮೆರಿಕಕ್ಕೆ ಹೋದ ಮೇಲೂ ಅರ್ಜಿ ಹಾಕಬಹುದು, ಆದರೆ ರಜೆ ಮುಗಿಯೋದರೊಳಗೆ ವೀಸಾ ಕೈಗೆ ಬರುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋದಿಲ್ಲ.

ವೀಸಾ ಇಲ್ಲವಾ? ಸೇತುವೆ ಹತ್ತಲೇಬೇಡಿ. ಅಮೆರಿಕದ ದಂಡೆಯಲ್ಲೇ ದೊಡ್ಡ ಪಾರ್ಕ್ ಇದೆ, ಗೋಟ್ ಐಲೆಂಡ್ ತುದಿಯಿಂದ ಅದೇ ಕುದುರೆಲಾಳವನ್ನ ಪಕ್ಕದಿಂದ ನೋಡಬಹುದು. 'ಮೇಡ್ ಆಫ್ ದಿ ಮಿಸ್ಟ್' ದೋಣಿ ಈ ಕಡೆಯಿಂದಲೇ ಹೊರಟು ಜಲಪಾತದ ಬುಡಕ್ಕೇ ಹೋಗುತ್ತೆ. ನೀಲಿ ರೇನ್‌ಕೋಟ್ ಅವರೇ ಕೊಡ್ತಾರೆ. ಪಾಸ್‌ಪೋರ್ಟ್ ಮಾತ್ರ ಒದ್ದೆ ಮಾಡ್ಕೋಬೇಡಿ.