ಸ್ವದೇಶಕ್ಕೆ ಸುತ್ತುದಾರಿ

1982ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಒಂದು ಮದುವೆಯಾಯಿತು. ಗಂಡು ಭಾರತೀಯ ಪ್ರಜೆ, ಹೆಸರು ಸುರಿಂದರ್ ಸಿಂಗ್. ಹೆಣ್ಣು ಬ್ರಿಟಿಷ್ ಪ್ರಜೆ. ಮರುವರ್ಷ ಇಬ್ಬರೂ ಜರ್ಮನಿಗೆ ಹೋಗಿ ಕೆಲಸಕ್ಕೆ ಸೇರಿದರು. 1985ರ ಕೊನೆಗೆ ಸ್ವಂತ ವ್ಯಾಪಾರ ಶುರು ಮಾಡೋಣವೆಂದು ಬ್ರಿಟನ್ನಿಗೆ ಮರಳಿದರು. ಎರಡು ವರ್ಷ ತುಂಬುವುದರೊಳಗೆ ಸಂಸಾರ ಮುರಿದು ಕೋರ್ಟು ಮೆಟ್ಟಿಲೇರಿತು. ಇಷ್ಟೇ ಕಥೆ, ಸಿನಿಮಾ ಆಗುವಂಥದ್ದೇನೂ ಇಲ್ಲ. ಆದರೂ ಯುರೋಪಿನ ವಲಸೆ ವಕೀಲರಲ್ಲಿ ಈ ಹೆಸರು ಕೇಳದವರು ಸಿಗುವುದು ಕಷ್ಟ. ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದ ಗಂಡ ಹೆಂಡತಿ ಒಂದೇ ಸೂರಿನಡಿ ಬದುಕಲು ಹಿಡಿದ ವಿಚಿತ್ರ ಹಾದಿಯೊಂದಕ್ಕೆ ‘ಸುರಿಂದರ್ ಸಿಂಗ್ ರೂಟ್’ ಎಂದೇ ಹೆಸರಾಯಿತು.

ವಿದೇಶದವರನ್ನು ಮದುವೆಯಾದರೆ ಅವರು ತಾನಾಗಿಯೇ ನಮ್ಮ ದೇಶಕ್ಕೆ ಬಂದು ಇರಬಹುದೆಂದು ಬಹಳ ಮಂದಿ ನಂಬಿರುತ್ತಾರೆ. ಮದುವೆ ಸರ್ಟಿಫಿಕೇಟು ಕೈಗೆ ಬಂದ ಮೇಲೆಯೇ ನಿಜವಾದ ಓಡಾಟ ಶುರುವಾಗುವುದು. ಮದುವೆಯನ್ನು ಮಾನ್ಯ ಮಾಡುವ ಕಾನೂನೇ ಬೇರೆ, ಒಳಗೆ ಬಿಟ್ಟುಕೊಳ್ಳುವ ಕಾನೂನೇ ಬೇರೆ.

ಬ್ರಿಟನ್ನಿನಲ್ಲಿ ಈ ಎರಡರ ನಡುವಿನ ಕಂದರ ಎಷ್ಟು ಆಳವಾಗಿತ್ತು ಎಂಬುದು 1979ರ ಜನವರಿಯಲ್ಲಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬಯಲಾಯಿತು. ಆಗಿನ ನಿಯಮದಂತೆ, ಬ್ರಿಟನ್ನಿಗೆ ಬಂದು ಮದುವೆಯಾಗಲಿರುವ ಹೆಣ್ಣಿಗೆ ಮುಂಚಿತವಾಗಿ ವೀಸಾ ಬೇಕಿರಲಿಲ್ಲ. ಅದೇ, ಮದುವೆಯಾಗಿ ಬರುವ ಹೆಂಡತಿ ತನ್ನ ಸರದಿಗಾಗಿ ಭಾರತದಲ್ಲೇ ಕಾಯಬೇಕಿತ್ತು. ಮದುವೆಯಾಗಲೆಂದು ಬಂದಿಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರ ಮಾತನ್ನು ಅಧಿಕಾರಿಗಳು ನಂಬಲಿಲ್ಲ. ಈಕೆಗೆ ಆಗಲೇ ಮದುವೆಯಾಗಿರಬೇಕು ಎಂಬ ಗುಮಾನಿಯಿಂದ, ವೈದ್ಯರನ್ನು ಕರೆಸಿ ಕನ್ಯತ್ವ ಪರೀಕ್ಷೆ ಮಾಡಿಸಿದರು. ಫೆಬ್ರುವರಿ 1ರ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಸುದ್ದಿ ಬಂದಾಗ ದೆಹಲಿಯಿಂದ ಪ್ರತಿಭಟನೆ ಹೋಯಿತು, ಲಂಡನ್ನು ಆ ಪರೀಕ್ಷೆಯನ್ನು ನಿಲ್ಲಿಸಿತು. ಇದು ಆ ಒಬ್ಬ ಹೆಣ್ಣುಮಗಳಿಗೆ ಮಾತ್ರ ಆದದ್ದಲ್ಲ, ಇಂಥ ಪರೀಕ್ಷೆಗಳನ್ನು ಭಾರತ ಉಪಖಂಡದ ಬ್ರಿಟಿಷ್ ಕಚೇರಿಗಳಲ್ಲೂ ಮಾಡಿದ್ದರು ಎಂಬುದು ಆಮೇಲೆ ಸರ್ಕಾರಿ ಕಡತಗಳಿಂದಲೇ ಹೊರಬಿತ್ತು.

ಹೆಂಗಸರ ಪಾಡು ಹೀಗಾದರೆ ಗಂಡಸರದು ಇನ್ನೊಂದು. 1980ರಲ್ಲಿ ಬಂದ ‘ಪ್ರೈಮರಿ ಪರ್ಪಸ್’ ನಿಯಮದ ಪ್ರಕಾರ, ಬ್ರಿಟನ್ನಿನಲ್ಲಿರುವ ಹೆಣ್ಣನ್ನು ಮದುವೆಯಾಗುವ ಗಂಡು, ತನ್ನ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಹೋಗುವುದಲ್ಲ ಎಂದು ಸಾಬೀತು ಮಾಡಬೇಕು. ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ವೀಸಾ ಅಧಿಕಾರಿಗಳು ನಮ್ಮ ಸಂಪ್ರದಾಯವನ್ನು ಓದಿಕೊಂಡು ಬಂದೇ ಪ್ರಶ್ನೆ ಕೇಳುತ್ತಿದ್ದರು. ನಿಮ್ಮಲ್ಲಿ ಮದುವೆಯಾದ ಹುಡುಗಿ ತಾನೇ ಗಂಡನ ಮನೆಗೆ ಬರುವುದು? ನೀನು ಯಾಕೆ ಹೆಂಡತಿ ಇರುವಲ್ಲಿಗೆ ಹೊರಟಿದ್ದೀಯ? ಮನೆಯಳಿಯನಾಗಲು ಒಪ್ಪಿದ್ದೇ ಅಪರಾಧ ಎಂಬ ಹಾಗಿತ್ತು ವಾದ. ಹೆಂಡತಿ ಭಾರತಕ್ಕೆ ಬರಲು ಒಪ್ಪಿದರೆ ನೀನು ಇಲ್ಲೇ ಇರುತ್ತೀಯಾ ಎಂದೂ ಕೇಳುತ್ತಿದ್ದರು. ಇರುತ್ತೇನೆ ಎಂದರೆ ಹಾಗಾದರೆ ಇಲ್ಲೇ ಇರು, ಇಲ್ಲ ಎಂದರೆ ನಿನ್ನ ಕಣ್ಣಿರುವುದು ಬ್ರಿಟನ್ನಿನ ಮೇಲೆಯೇ. ಎರಡು ಉತ್ತರದಲ್ಲೂ ಅರ್ಜಿ ವಜಾ ಆಗುವ ಸಾಧ್ಯತೆ ಇತ್ತು.

ಈ ಕಟ್ಟುಪಾಡು ಗಂಡಂದಿರಿಗೆ ಮಾತ್ರ, ಹೆಂಡತಿಯರಿಗೆ ಇಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ್ದ ಮೂವರು ಮಹಿಳೆಯರು ಈ ಭೇದವನ್ನು ಪ್ರಶ್ನಿಸಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1985ರ ಮೇ 28ರಂದು ಗೆದ್ದೂ ಬಿಟ್ಟರು, ಇದು ಲಿಂಗಭೇದವೇ ಎಂದಿತು ಕೋರ್ಟು. ಸರ್ಕಾರ ತೀರ್ಪಿಗೆ ತಲೆಬಾಗಿದ ರೀತಿ ಮಾತ್ರ ನೋಡುವಂಥದ್ದು. ಗಂಡಂದಿರಿಗೆ ಇದ್ದ ತೊಡಕನ್ನು ತೆಗೆಯುವ ಬದಲು ಅದನ್ನು ಹೆಂಡತಿಯರಿಗೂ ಹಾಕಿ ‘ಸಮಪಾಲು’ ಮಾಡಿತು! ಆ ನಿಯಮ ಹೋದದ್ದು ಹನ್ನೆರಡು ವರ್ಷಗಳ ನಂತರ, 1997ರ ಜೂನ್‌ನಲ್ಲಿ, ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ.

ಸುರಿಂದರ್ ಸಿಂಗ್ ಜರ್ಮನಿಯಿಂದ ಮರಳಿದ್ದು ಇಂಥ ಬ್ರಿಟನ್ನಿಗೆ. ಬ್ರಿಟಿಷ್ ಪ್ರಜೆಯ ಗಂಡ ಎಂಬ ನೆಲೆಯಲ್ಲಿ ಅವರಿಗೆ ಗಡುವು ಹಾಕಿದ ಪರವಾನಗಿ ಸಿಕ್ಕಿತು. 1987ರ ಜುಲೈನಲ್ಲಿ ವಿಚ್ಛೇದನದ ಮಧ್ಯಂತರ ಆದೇಶ ಬಂದದ್ದೇ ತಡ, ಆ ಗಡುವನ್ನೂ ಮೊಟಕುಗೊಳಿಸಿದರು. 1988ರಲ್ಲಿ ಗಡಿಪಾರಿನ ತೀರ್ಮಾನವಾಯಿತು. ಅಂತಿಮ ವಿಚ್ಛೇದನ ಆದದ್ದು 1989ರ ಫೆಬ್ರುವರಿಯಲ್ಲಿ. ಮಧ್ಯಂತರ ಆದೇಶಕ್ಕೂ ಅಂತಿಮ ಆದೇಶಕ್ಕೂ ನಡುವಿನ ಆ ಒಂದೂವರೆ ವರ್ಷ ಈ ಮನುಷ್ಯ ಗಂಡನೋ ಅಲ್ಲವೋ, ಗಂಡನಾದರೆ ಯಾವ ಕಾನೂನಿನ ಪ್ರಕಾರ ಗಂಡ ಎಂಬುದರ ಮೇಲೆ ಇಡೀ ಕೇಸು ನಿಂತಿತ್ತು.

ಇಲ್ಲಿ ಯುರೋಪಿನ ಒಪ್ಪಂದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಕ್ಕೂಟದ ಒಂದು ದೇಶದ ಪ್ರಜೆ ಇನ್ನೊಂದು ದೇಶಕ್ಕೆ ದುಡಿಯಲು ಹೋದರೆ, ಗಂಡನೋ ಹೆಂಡತಿಯೋ ಯಾವ ದೇಶದವರೇ ಆಗಿರಲಿ, ಜೊತೆಗೆ ಕರೆದೊಯ್ಯುವ ಹಕ್ಕಿದೆ. ಲಂಡನ್ನಿಗೆ ಬಂದ ಫ್ರೆಂಚ್ ಕೆಲಸಗಾರ ಭಾರತೀಯ ಹೆಂಡತಿಯನ್ನು ಸಲೀಸಾಗಿ ಕರೆತರಬಹುದಿತ್ತು. ಪಕ್ಕದ ಮನೆಯ, ಅಲ್ಲೇ ಹುಟ್ಟಿ ಬೆಳೆದ ಬ್ರಿಟಿಷನಿಗೆ ಆ ಭಾಗ್ಯ ಇರಲಿಲ್ಲ. ಅವನು ಗಡಿ ದಾಟಿಲ್ಲವಲ್ಲ, ಹಾಗಾಗಿ ಅವನ ಪಾಲಿಗೆ ದೇಶದ ಕಾನೂನೇ ಗತಿ. ಹಾಗಾದರೆ ಗಡಿ ದಾಟಿ ದುಡಿದು ಮರಳಿ ಬಂದವನ ಗತಿ ಏನು? ಲಂಡನ್ನಿನ ಹೈಕೋರ್ಟು ಈ ಪ್ರಶ್ನೆಯನ್ನು ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯಕ್ಕೆ ಕಳಿಸಿತು.

ತನ್ನ ಪ್ರಜೆ ತನ್ನ ದೇಶಕ್ಕೆ ಬರಲು ಯುರೋಪಿನ ಅಪ್ಪಣೆ ಯಾಕೆ ಬೇಕು, ಹೀಗೆ ಬಿಟ್ಟರೆ ದುರುಪಯೋಗವಾಗುತ್ತದೆ ಎಂಬುದು ಬ್ರಿಟನ್ನಿನ ವಾದ. 1992ರ ಜುಲೈ 7ರಂದು ಕೋರ್ಟು ಕೊಟ್ಟ ಉತ್ತರ ಬಹಳ ಸರಳ. ಮರಳುವಾಗ ಸಂಗಾತಿಯನ್ನು ಕರೆತರಲು ಆಗದು ಎಂದಾದರೆ ಜನ ಊರು ಬಿಟ್ಟು ದುಡಿಯಲು ಹೋಗುವುದಕ್ಕೇ ಹಿಂಜರಿಯುತ್ತಾರೆ, ಆಗ ಗಡಿ ದಾಟುವ ಹಕ್ಕಿಗೆ ಅರ್ಥವೇ ಇರುವುದಿಲ್ಲ. ಆದ್ದರಿಂದ ಮರಳಿ ಬರುವವರಿಗೂ ಕನಿಷ್ಠ ಹೊರಗಿನಿಂದ ಬರುವ ಯುರೋಪಿನವರಿಗೆ ಇರುವಷ್ಟೇ ಹಕ್ಕು ಇರಬೇಕು. ತೀರ್ಪು ಬರುವ ಹೊತ್ತಿಗೆ ಆ ದಂಪತಿ ಬೇರೆಯಾಗಿ ಮೂರು ವರ್ಷ ದಾಟಿತ್ತು. ಮುರಿದ ಸಂಸಾರವೊಂದರ ಕೇಸು ಕೂಡಿ ಬಾಳಬೇಕೆಂದವರಿಗೆ ದಾರಿಯಾಯಿತು.

ಆ ದಾರಿ ತಾನಾಗಿ ಸಿಕ್ಕಿದ್ದೇ ಹೊರತು ಯಾರೂ ಕಡಿದು ಮಾಡಿದ್ದಲ್ಲ. ಬೇಕೆಂದೇ ಅದರಲ್ಲಿ ಕಾಲಿಟ್ಟರೆ? ಆಕ್ರಿಶ್ ಎಂಬ ಮೊರೊಕ್ಕೊದ ಪ್ರಜೆಯ ಪ್ರಕರಣದಲ್ಲಿ ಬಂದದ್ದು ಇದೇ ಪ್ರಶ್ನೆ. ಅವರೂ ಅವರ ಬ್ರಿಟಿಷ್ ಪತ್ನಿಯೂ ಡಬ್ಲಿನ್‌ನಲ್ಲಿ ಕೆಲವು ತಿಂಗಳಿದ್ದರು. ಯುರೋಪಿನ ಹಕ್ಕಿನ ಬಗ್ಗೆ ಕೇಳಿದ್ದೆವು, ಮರಳಿ ಬ್ರಿಟನ್ನಿಗೆ ಹೋಗಲೆಂದೇ ಇಲ್ಲಿಗೆ ಬಂದೆವು ಎಂದು ಅಧಿಕಾರಿಗಳ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹೋದ ಉದ್ದೇಶ ಏನೇ ಇರಲಿ, ಮದುವೆ ಸೋಗಿನದಲ್ಲದಿದ್ದರೆ ಸಾಕು ಎಂದು ಲಕ್ಸೆಂಬರ್ಗ್ ಕೋರ್ಟು 2003ರಲ್ಲಿ ಹೇಳಿತು. ಮದುವೆಗೂ ಮುಂಚಿನ ಉದ್ದೇಶವನ್ನು ಕೆದಕಿ ಕೆದಕಿ ಕೇಳುತ್ತಿದ್ದ ‘ಪ್ರೈಮರಿ ಪರ್ಪಸ್’ ದಿನಗಳನ್ನು ನೆನೆದರೆ ಇದು ದೊಡ್ಡ ಮಾತೇ. ಅದೇ ತೀರ್ಪಿನ ಇನ್ನೊಂದು ಭಾಗ, ಸಂಗಾತಿ ಮೊದಲೇ ಕಾನೂನುಬದ್ಧವಾಗಿ ಯುರೋಪಿನಲ್ಲಿ ಇರಬೇಕೆಂಬುದು, 2008ರಲ್ಲಿ ಐರ್ಲೆಂಡಿನ ಮೆಟೊಕ್ ಪ್ರಕರಣದಲ್ಲಿ ಬಿದ್ದುಹೋಯಿತು.

ಬ್ರಿಟನ್ನಿನಲ್ಲಿ ಈ ದಾರಿಗೆ ಜನ ಮುಗಿಬಿದ್ದದ್ದು 2012ರ ಜುಲೈ 9ರ ನಂತರ. ಅಂದಿನಿಂದ, ಹೊರದೇಶದ ಸಂಗಾತಿಯನ್ನು ಕರೆತರುವ ಬ್ರಿಟಿಷ್ ಪ್ರಜೆಗೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಲೇಬೇಕೆಂಬ ನಿಯಮ ಬಂತು. ಈ ಮೊತ್ತ ಎಲ್ಲಿಂದ ಬಂತು ಎಂದರೆ, ಅಷ್ಟು ಗಳಿಸುವ ದಂಪತಿ ಸರ್ಕಾರದ ಸಹಾಯಧನಕ್ಕೆ ಕೈಚಾಚುವುದಿಲ್ಲ ಎಂಬ ಲೆಕ್ಕದಿಂದ. ಹೊರದೇಶದಲ್ಲಿರುವ ಸಂಗಾತಿ ಅಲ್ಲಿ ಎಷ್ಟೇ ಗಳಿಸುತ್ತಿದ್ದರೂ ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರೂ ಅಷ್ಟೇ, ಬ್ರಿಟನ್ನಿನ ನರ್ಸರಿ ಶಾಲೆಯಲ್ಲಿ ಅರೆಕಾಲಿಕ ಕೆಲಸ ಮಾಡುವ ಹೆಂಡತಿಯ ಸಂಬಳವೇ ಪ್ರಮಾಣ. ಉಳಿತಾಯ ತೋರಿಸುತ್ತೇನೆಂದರೆ, ಆದಾಯವೇ ಇಲ್ಲದವರು 62,500 ಪೌಂಡ್ ಬ್ಯಾಂಕಿನಲ್ಲಿಟ್ಟಿರಬೇಕಿತ್ತು. ತಂದೆಯೋ ತಾಯಿಯೋ ಬೇರೆ ದೇಶದಲ್ಲೇ ಉಳಿದು ಮಕ್ಕಳು ಕಂಪ್ಯೂಟರ್ ಪರದೆಯಲ್ಲಿ ಮುಖ ನೋಡುವಂತಾದಾಗ, ಇಂಗ್ಲೆಂಡಿನ ಮಕ್ಕಳ ಆಯುಕ್ತರ ವರದಿಯೊಂದು ಇವರನ್ನು ‘ಸ್ಕೈಪ್ ಕುಟುಂಬ’ ಎಂದೇ ಕರೆಯಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಕ್ಕಳ ಹಿತವನ್ನು ಇನ್ನಷ್ಟು ಗಮನಿಸಬೇಕೆಂದು ಸರ್ಕಾರಕ್ಕೆ ಹೇಳಿತಾದರೂ ಆದಾಯದ ಮಿತಿಯನ್ನು ಎತ್ತಿಹಿಡಿಯಿತು.

ಹಾಗಾಗಿ ಜನ ಸೂಟ್‌ಕೇಸು ಹಿಡಿದು ಐರ್ಲೆಂಡಿಗೆ ಹೊರಟರು. ಇಂಗ್ಲಿಷ್ ಮಾತಾಡುವ ದೇಶ, ಬ್ರಿಟಿಷರು ಅಲ್ಲಿರಲು ವೀಸಾ ಬೇಡ, ದೂರವೂ ಇಲ್ಲ. ಬಾಡಿಗೆ ಮನೆ ಹಿಡಿದು, ಹೋಟೆಲಿನಲ್ಲೋ ಗೋದಾಮಿನಲ್ಲೋ ಕೆಲಸಕ್ಕೆ ಸೇರಿ, ಸಂಗಾತಿಯನ್ನು ಅಲ್ಲಿಗೆ ಕರೆಸಿಕೊಂಡು, ಕೆಲವು ತಿಂಗಳು ಬಾಳಿದ ಮೇಲೆ ಬ್ರಿಟನ್ನಿನ ‘ಫ್ಯಾಮಿಲಿ ಪರ್ಮಿಟ್’ಗೆ ಅರ್ಜಿ ಹಾಕುತ್ತಿದ್ದರು. ಅದಕ್ಕೆ ಶುಲ್ಕವೇ ಇರಲಿಲ್ಲ. ಅರ್ಜಿಯ ಜೊತೆಗೆ ಬಾಡಿಗೆ ಕರಾರು, ಸಂಬಳದ ಚೀಟಿ, ಕರೆಂಟು ಬಿಲ್ಲು, ಡಾಕ್ಟರ ಬಳಿ ಹೆಸರು ಬರೆಸಿದ ಕಾಗದ ಎಲ್ಲವೂ ಕಟ್ಟುಕಟ್ಟಾಗಿ ಹೋಗುತ್ತಿತ್ತು. 2014ರ ಜನವರಿಯಿಂದ ಬ್ರಿಟನ್, ನಿಮ್ಮ ಬದುಕಿನ ಕೇಂದ್ರವೇ ಅಲ್ಲಿಗೆ ಹೋಗಿತ್ತೇ ಎಂಬ ಹೊಸ ಪರೀಕ್ಷೆ ಇಟ್ಟಿತು. ಊರಿನ ಮನೆ ಖಾಲಿ ಮಾಡಿದ್ದೀರಾ, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿದ್ದಿರಾ ಎಂಬಂಥ ಪ್ರಶ್ನೆಗಳು. ಅದೇ ವರ್ಷ ಲಕ್ಸೆಂಬರ್ಗ್ ಕೋರ್ಟು ಕೂಡ ವಾರಾಂತ್ಯಕ್ಕೆ ಹೋಗಿ ಬಂದದ್ದನ್ನೆಲ್ಲ ಒಟ್ಟು ಹಾಕಿ ವಾಸ ಎನ್ನುವಂತಿಲ್ಲ, ಮೂರು ತಿಂಗಳಿಗೂ ಮೀರಿ ನಿಜವಾಗಿ ನೆಲೆಸಿರಬೇಕು ಎಂದಿತು. ಈ ಮಾತು ನ್ಯಾಯವೇ ಅನ್ನಿಸುತ್ತದೆ. ತನ್ನ ಊರಿನಲ್ಲಿ ಸಂಸಾರ ಹೂಡಲು ಪರದೇಶದಲ್ಲಿ ಸಂಸಾರ ಹೂಡಿ ತೋರಿಸಬೇಕಾದ ಪರಿಸ್ಥಿತಿ ಯಾಕೆ ಬಂತು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಇದು ಬ್ರಿಟಿಷರೊಬ್ಬರದೇ ಕಥೆಯೂ ಅಲ್ಲ. ಡೆನ್ಮಾರ್ಕ್ 2002ರಲ್ಲಿ, ಗಂಡ ಹೆಂಡತಿ ಇಬ್ಬರಿಗೂ 24 ವರ್ಷ ತುಂಬದೆ ಹೊರದೇಶದ ಸಂಗಾತಿಗೆ ಪರವಾನಗಿ ಇಲ್ಲ ಎಂದಿತು. ಅದಕ್ಕೆ ಎರಡು ವರ್ಷ ಮೊದಲಷ್ಟೇ ಕೋಪನ್‌ಹೇಗನ್ನಿಗೂ ಸ್ವೀಡನ್ನಿನ ಮಾಲ್ಮೊಗೂ ನಡುವೆ ಓರೆಸುಂಡ್ ಸೇತುವೆ ತೆರೆದಿತ್ತು. ಜೋಡಿಗಳು ಮಾಲ್ಮೊದಲ್ಲಿ ಮನೆ ಮಾಡಿ, ಬೆಳಿಗ್ಗೆ ರೈಲು ಹತ್ತಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗತೊಡಗಿದರು. ನೆದರ್‌ಲ್ಯಾಂಡ್ಸ್‌ನವರು ಬೆಲ್ಜಿಯಂಗೆ ಹೋಗಿ ನೆಲೆಸಿ ಮರಳುತ್ತಾರೆ. ಅಲ್ಲಿ ಅದಕ್ಕೆ ‘ಬೆಲ್ಜಿಯಂ ರೂಟ್’ ಎಂದೇ ಹೆಸರು.

ಬ್ರಿಟನ್ನಿನವರ ದಾರಿ ಬ್ರೆಕ್ಸಿಟ್‌ನೊಂದಿಗೆ ಮುಚ್ಚಿತು. 2020ರ ಡಿಸೆಂಬರ್ 31ಕ್ಕೆ ಮುಂಚೆ ಯುರೋಪಿನಲ್ಲಿ ಸಂಸಾರ ಹೂಡಿದ್ದವರಿಗೆ ಮರಳಿ ಬರಲು 2022ರ ಮಾರ್ಚ್ 29ರವರೆಗೆ ಕಾಲಾವಕಾಶ ಕೊಟ್ಟಿದ್ದರು. ಲಂಡನ್ನಿನ ಆ ಫ್ರೆಂಚ್ ಕೆಲಸಗಾರನ ಸವಲತ್ತೂ ಹೋಯಿತು. 2020ರ ಡಿಸೆಂಬರ್ 31ರ ನಂತರ ಹೊಸದಾಗಿ ಸಂಬಂಧ ಬೆಳೆಸಿ ಮದುವೆಯಾದರೆ ಅವನಿಗೂ ಬ್ರಿಟಿಷನ ನಿಯಮವೇ. 1985ರಂತೆ ಈ ಸಲವೂ ಸಮಾನತೆ ಬಂದದ್ದು ಇದ್ದವರಿಂದ ಕಿತ್ತುಕೊಂಡೇ. 2024ರ ಏಪ್ರಿಲ್‌ನಲ್ಲಿ ಆದಾಯದ ಮಿತಿ 29,000 ಪೌಂಡಿಗೆ ಏರಿತು. 38,700ಕ್ಕೆ ಏರಿಸುವ ಯೋಜನೆಯನ್ನು ಮುಂದೆ ಬಂದ ಸರ್ಕಾರ ತಡೆಹಿಡಿದಿದೆ. ಇದರ ಮೇಲೆ ವೀಸಾ ಶುಲ್ಕ, ವರ್ಷಕ್ಕೆ 1,035 ಪೌಂಡಿನಂತೆ ಮುಂಗಡವಾಗಿ ಕಟ್ಟುವ ಆರೋಗ್ಯ ಸೇವೆಯ ಶುಲ್ಕ. ನಮ್ಮ ಕಡೆ ಇಷ್ಟು ದುಬಾರಿಯಲ್ಲ. ಭಾರತೀಯರನ್ನು ಮದುವೆಯಾದ ವಿದೇಶಿಗೆ, ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕುವ ಅವಕಾಶವಿದೆ. ಆದಾಯದ ಮಿತಿ ಇಲ್ಲ. ಪಾಕಿಸ್ತಾನ, ಬಾಂಗ್ಲಾದೇಶದ ನಂಟಿದ್ದರೆ ಮಾತ್ರ ಆ ಬಾಗಿಲು ಇಲ್ಲ.

ಯುರೋಪಿನ ಒಕ್ಕೂಟದೊಳಗೆ ಸುರಿಂದರ್ ಸಿಂಗ್ ಹೆಸರು ಇಂದಿಗೂ ಚಾಲ್ತಿಯಲ್ಲಿದೆ, ಅದು ನಮ್ಮವರಿಗೂ ತಾಗುತ್ತದೆ. ಜರ್ಮನ್ ಪ್ರಜೆಯನ್ನು ಮದುವೆಯಾಗಿ ಜರ್ಮನಿಗೆ ಹೊರಟ ಬೆಂಗಳೂರಿನ ಹುಡುಗಿ ಸಾಮಾನ್ಯವಾಗಿ ಮೊದಲು ಎ1 ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಬೇಕು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕೂತು ಕಲಿಯುವವರಲ್ಲಿ ಇಂಥವರೂ ಇರುತ್ತಾರೆ. ಅದೇ ಜರ್ಮನಿಯಲ್ಲಿ ದುಡಿಯುವ ಫ್ರೆಂಚ್ ಪ್ರಜೆಯನ್ನು ಮದುವೆಯಾದರೆ ಆ ಪರೀಕ್ಷೆ ಬೇಕಿಲ್ಲ. ಕಾಗದಪತ್ರದ ಕಾಟ ಕಡಿಮೆಯೆಂದು ಡೆನ್ಮಾರ್ಕಿನ ಟೊಂಡರ್‌ಗೋ ಆರೊ ದ್ವೀಪಕ್ಕೋ ಹೋಗಿ ಎರಡು ದಿನದಲ್ಲಿ ಮದುವೆಯಾಗಿ ಬರುವ ಜೋಡಿಗಳು ಇಲ್ಲೇ ಎಡವುತ್ತಾರೆ. ಆ ಮದುವೆ ಜರ್ಮನಿಯಲ್ಲಿ ಸಿಂಧು, ಆದರೆ ಬರೀ ಮದುವೆಗೆಂದು ಗಡಿ ದಾಟಿ ಬಂದದ್ದು ಯುರೋಪಿನ ಹಕ್ಕಿಗೆ ಸಾಲದು ಎಂದು ಅಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ 2010ರಲ್ಲೇ ಹೇಳಿದೆ. ಜರ್ಮನ್ ಗಂಡ ವಿಯೆನ್ನಾದಲ್ಲಿ ಕೆಲಸ ಹಿಡಿದು, ಇಬ್ಬರೂ ಅಲ್ಲೇ ಮನೆ ಮಾಡಿ ಒಂದು ವರ್ಷ ಸಂಸಾರ ನಡೆಸಿ ಬರ್ಲಿನ್‌ಗೆ ಮರಳಿದರೆ ಮಾತ್ರ ಎ1 ಸರ್ಟಿಫಿಕೇಟನ್ನು ಯಾರೂ ಕೇಳುವಂತಿಲ್ಲ.