ಅಡ್ಡಹೆಸರು ಒಂದೇ, ಮನೆತನವೂ ಒಂದೇ?

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಧಾರವಾಡ ಸೀಮೆಯ ಹಳ್ಳಿಯೊಂದರಲ್ಲಿ ಒಂದೇ ಅಡ್ಡಹೆಸರಿನ ಕುಟುಂಬದವರು ಕೂಡಿ ತಮ್ಮ ಮನೆತನದ ಇತಿಹಾಸ ಸಂಘವೊಂದನ್ನು ಕಟ್ಟಿಕೊಂಡರು. ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನೂ ಬರಮಾಡಿಕೊಂಡಿದ್ದರು. ಅವರ ನಿಜವಾದ ಹೆಸರನ್ನು ಇಲ್ಲಿ ಕಾಣಿಸುವುದು ಉಚಿತವಲ್ಲ. ಅಂಗಡಿ ಮನೆತನವೆಂದು ಇಟ್ಟುಕೊಳ್ಳೋಣ. ಪುಣೆ, ಸೊಲ್ಲಾಪುರ, ಬೆಂಗಳೂರುಗಳಿಂದ ಜನ ಬಂದಿದ್ದರು. ಸಮುದಾಯ ಭವನದ ಗೋಡೆಗೆ ಒಂದು ಬಿಳಿಯ ಬಟ್ಟೆಯನ್ನು ಕಟ್ಟಿ ಅದರ ಮೇಲೆ ಎಂಟು ತಲೆಮಾರಿನ ವಂಶವೃಕ್ಷವನ್ನು ಬರೆಯಿಸಿದ್ದರು. ಪ್ರಸಾದಕ್ಕೆ ಕುಳಿತಾಗ ಸಂಘದ ಕಾರ್ಯದರ್ಶಿಗಳು ನಮ್ಮ ಬಳಿ ಸರಿದು, ಮೆಲುದನಿಯಲ್ಲಿ ಒಂದು ತೊಡಕನ್ನು ಹೇಳಿಕೊಂಡರು. ಪಕ್ಕದ ತಾಲ್ಲೂಕಿನಿಂದ ಅದೇ ಅಡ್ಡಹೆಸರಿನ ಮೂರು ಮನೆಯವರು ಬಂದಿದ್ದಾರೆ. ಶ್ರದ್ಧೆಯುಳ್ಳವರು, ವಂತಿಗೆಯನ್ನೂ ಧಾರಾಳವಾಗಿ ಕೊಟ್ಟಿದ್ದಾರೆ. ಆದರೆ ವೃಕ್ಷದ ಯಾವ ಕೊಂಬೆಗೂ ಅವರು ಕೂಡುತ್ತಿಲ್ಲ. “ಶಾಸ್ತ್ರಿಗಳ, ನಾಕನೇ ತಲೆಮಾರಿನ್ಯಾಗ ಹಿರಿಯರಿಗೆ ಒಬ್ಬ ತಮ್ಮ ಇದ್ದ ಅಂತ ಬರದ್ರ ನಡೀತೈತೇನ್ರಿ?” ಎಂದು ಕೇಳಿದರು.

ಕೇಳಿದವರಲ್ಲಿ ದುರುದ್ದೇಶವಿರಲಿಲ್ಲ. ಬಂದವರನ್ನು ಹೊರಗಿಡಬಾರದೆಂಬ ಸೌಜನ್ಯವೇ ಅವರನ್ನು ಹಾಗೆ ಕೇಳಿಸಿತು. ಆದರೂ ಇಲ್ಲದ ತಮ್ಮನನ್ನು ಹುಟ್ಟಿಸುವುದಕ್ಕೆ ನಾವು ಒಪ್ಪಲಿಲ್ಲ. ಅದರ ಕಾರಣವನ್ನು ಅಂದು ಸಭೆಯಲ್ಲಿ ಸಂಕ್ಷೇಪವಾಗಿ ಹೇಳಿದೆವು. ಇಂಥ ಸಂಘಗಳನ್ನು ಕಟ್ಟಲು ಹೊರಟಿರುವ ಬೇರೆ ಮನೆತನದವರಿಗೂ ಪ್ರಯೋಜನವಾದೀತೆಂದು ಇಲ್ಲಿ ತುಸು ವಿಸ್ತರಿಸುತ್ತೇವೆ.

ಅಡ್ಡಹೆಸರು ರಕ್ತದಿಂದ ಬಂದುದಲ್ಲ; ಬಹುಮಟ್ಟಿಗೆ ಮಾಡಿದ ಕೆಲಸದಿಂದಲೋ, ಇದ್ದ ಸ್ಥಳದಿಂದಲೋ ಬಂದುದು. ಬೆಲ್ಲದ, ಅಕ್ಕಿ, ಎಣ್ಣಿ, ಜವಳಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಹೆಸರುಗಳನ್ನು ಕೇಳಿದೊಡನೆ ಪೇಟೆಯೇ ಕಣ್ಣ ಮುಂದೆ ಬರುತ್ತದೆ. ಬಡಿಗೇರ, ಕಂಬಾರ, ಹೂಗಾರ, ಗಾಣಿಗೇರ ಎಂಬಲ್ಲಿ ಕಾಯಕವೇ ಹೆಸರಾಗಿದೆ. ಹನ್ನೆರಡನೆಯ ಶತಮಾನದ ಶರಣರನ್ನೂ ನಾವು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಾಯಕವನ್ನು ಮುಂದಿಟ್ಟೇ ಸ್ಮರಿಸುತ್ತೇವಲ್ಲವೆ? ಹೀಗಿರುವಾಗ ಅಂಗಡಿಯಿಟ್ಟವರೆಲ್ಲ ಅಂಗಡಿಯವರಾದರೇ ಹೊರತು, ಒಬ್ಬ ಅಂಗಡಿಯಪ್ಪನ ಮಕ್ಕಳೇ ಊರೂರಿಗೆ ಹರಡಿದರೆಂದು ತಿಳಿಯಲು ಆಧಾರವಿಲ್ಲ.

ಅಧಿಕಾರದಿಂದ ಬಂದ ಹೆಸರುಗಳ ಸಂಗತಿ ಇನ್ನೂ ಸ್ಪಷ್ಟ. ಪಾಟೀಲಕಿ ಇದ್ದ ಪ್ರತಿ ಊರಿಗೂ ಪಾಟೀಲರಿದ್ದರು. ಅವರಲ್ಲಿ ಲಿಂಗಾಯತರಿದ್ದರು, ಜೈನರಿದ್ದರು, ಮರಾಠರಿದ್ದರು, ಮುಸಲ್ಮಾನರೂ ಇದ್ದರು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಆ ಅಧಿಕಾರ ಹೋಯಿತು; ಹೆಸರು ಮಾತ್ರ ಉಳಿಯಿತು. ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದ ಚನ್ನಬಸಪ್ಪನವರಿಗೆ ಶಿಕ್ಷಣ ಇಲಾಖೆಯ ಹುದ್ದೆಯೇ ಅಂಟಿಕೊಂಡು, ಇಂದಿಗೂ ಅವರು ‘ಡೆಪ್ಯುಟಿ’ ಚನ್ನಬಸಪ್ಪನವರೇ ಆಗಿದ್ದಾರೆ. ಇದಕ್ಕೆ ವಿಪರೀತವಾದುದೂ ಉಂಟು. ಒಡಹುಟ್ಟಿದ ಅಣ್ಣತಮ್ಮಂದಿರು ವಾಟ್ನಿಯಾಗಿ ಬೇರೆಯಾದಾಗ ಊರಲ್ಲುಳಿದವನು ಹಳೆಯ ಹೆಸರನ್ನೇ ಇಟ್ಟುಕೊಂಡ. ಪರಊರಿಗೆ ಹೋದವನನ್ನು ಅಲ್ಲಿಯ ಜನ ಅವನು ಬಿಟ್ಟುಬಂದ ಊರಿನ ಹೆಸರಿನಿಂದ ಕರೆದರು. ಶಾಲೆಯ ಮಾಸ್ತರರು ಮಗನ ಹೆಸರಿನ ಮುಂದೆ ಅದನ್ನೇ ಬರೆದುಕೊಂಡರು. ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ರಕ್ತದವರು ಎರಡು ಅಡ್ಡಹೆಸರಿನವರಾದರು. ಇನ್ನು ಹಳೆಯ ಮೈಸೂರು ಸೀಮೆಯ ನಮ್ಮ ಬಂಧುಗಳಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಹೆಚ್ಚು ರೂಢಿಯಾದ್ದರಿಂದ ಅವರಿಗೆ ಈ ತಾಪತ್ರಯವೇ ಕಡಿಮೆ!

ಹಾಗಾದರೆ ಮನೆತನವನ್ನು ತಿಳಿಯುವ ದಾರಿ ಯಾವುದು? ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆಗೆ ಹೆಳವನೇ ಉತ್ತರವಾಗಿದ್ದ. ಸುಗ್ಗಿಯ ದಿನಗಳಲ್ಲಿ ಊರ ಹೊರಗೆ ಗುಡಾರ ಹಾಕಿ, ನಸುಕಿನಲ್ಲಿ ಎತ್ತಿನ ಮೇಲೆ ಕುಳಿತು ಬಂದು, ಅಂಗಳದಲ್ಲಿ ನಿಂತು ಮನೆಯ ಹಿರಿಯರ ಹೆಸರುಗಳನ್ನು ಒಂದರ ಹಿಂದೊಂದರಂತೆ ಗಟ್ಟಿಯಾಗಿ ಕೊಂಡಾಡುತ್ತಿದ್ದ. ಮೂಲಸ್ಥಳ ಯಾವುದು, ಯಾವ ಬರಗಾಲದಲ್ಲಿ ಯಾರು ಊರು ಬಿಟ್ಟರು, ಯಾರು ದತ್ತಕ ಬಂದರು ಎಂಬುದೆಲ್ಲ ಅವನ ನಾಲಗೆಯ ಮೇಲಿತ್ತು. ಕಟ್ಟಿಟ್ಟುಕೊಂಡ ಹೊತ್ತಗೆಯಲ್ಲಿಯೂ ಇತ್ತು. ಹೊಸದಾಗಿ ಹುಟ್ಟಿದ ಗಂಡುಮಗುವಿನ ಹೆಸರನ್ನು ಕೇಳಿ ಬರೆದುಕೊಂಡು, ಕಾಳುಕಡಿ, ಬಟ್ಟೆ, ಉಳ್ಳವರ ಮನೆಯಲ್ಲಿ ಕರುವನ್ನೂ ಪಡೆದು ಹೋಗುತ್ತಿದ್ದ. ನಮ್ಮ ಅಜ್ಜಿಯವರು ಅವನು ಬರುವ ದಿನ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕದೆ ಇರುತ್ತಿರಲಿಲ್ಲ. ಈಚೆಗೆ ನಾವು ಕಂಡ ಹೆಳವರೊಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಹೊತ್ತಗೆ ಮಾತ್ರ ಹಳೆಯದೇ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದರು. ಮಕ್ಕಳು ಓದಿ ನೌಕರಿಗೆ ಸೇರಿದ್ದಾರೆ, ತಮ್ಮ ನಂತರ ಇದನ್ನು ಓದುವವರಿಲ್ಲ ಎಂದರು. ಮನೆತನದ ಸಂಘವೆಂಬುದು ಏನನ್ನಾದರೂ ಮೊದಲು ಮಾಡಬೇಕಾಗಿದ್ದರೆ, ತಮ್ಮ ಹೆಳವರನ್ನು ಹುಡುಕಿ, ಮರ್ಯಾದೆಯಿಂದ ಕರೆಯಿಸಿ, ಅವರು ಹೇಳಿದ್ದನ್ನು ಅವರೆದುರಿಗೇ ಬರೆದುಕೊಳ್ಳುವುದು. ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವಾಗ ಚೌಕಾಸಿ ಮಾಡಬಾರದು.

ಹೆಳವರ ಮಾತಿಗೆ ಪೂರಕವಾಗಿ ಕಾಗದಪತ್ರಗಳಿವೆ. ಜಮೀನಿನ ಹಳೆಯ ಉತಾರ, ವಾರಸಾ ನೋಂದಣಿ, ವಾಟ್ನಿಪತ್ರ, ಕನ್ನಡ ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಲಗ್ನಪತ್ರಿಕೆಗಳು—ಇವೆಲ್ಲ ಸಾಕ್ಷಿಗಳೇ. ಅಟ್ಟದ ಮೇಲಿನ ಗಂಟುಗಳನ್ನು ಕಸವೆಂದು ತಿಳಿಯಬಾರದು. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಅಡಗಿದ್ದ ತಾಡೋಲೆಗಳನ್ನು ಹುಡುಕಿ ತೆಗೆಯದಿದ್ದರೆ 1923ರಲ್ಲಿ ‘ವಚನ ಶಾಸ್ತ್ರ ಸಾರ’ ಬೆಳಕು ಕಾಣುತ್ತಿತ್ತೆ?

ಹೆಸರು ಒಂದಾದ ಮಾತ್ರಕ್ಕೆ ಕುಲ ಒಂದಲ್ಲವೆಂಬ ವಿವೇಕ ಪರದೇಶಗಳಲ್ಲಿಯೂ ಇದೆ. ಬ್ರಿಟನ್ನಿನಲ್ಲಿ 1979ರಲ್ಲಿ ಹುಟ್ಟಿದ ‘ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್’ ಎಂಬ ಸಂಸ್ಥೆಯ ಸದಸ್ಯರು ಒಂದೊಂದು ಅಡ್ಡಹೆಸರನ್ನು ಹಿಡಿದು, ಜಗತ್ತಿನಲ್ಲಿ ಆ ಹೆಸರು ಎಲ್ಲೆಲ್ಲಿದೆಯೋ ಅದನ್ನೆಲ್ಲ ಸಂಗ್ರಹಿಸುತ್ತಾರೆ. ಅವರೆಲ್ಲರೂ ನೆಂಟರೆಂದು ಮೊದಲೇ ತೀರ್ಮಾನಿಸುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಸುಮಾರು ಐವರಲ್ಲಿ ಒಬ್ಬರ ಅಡ್ಡಹೆಸರು ಕಿಮ್. ಆದ್ದರಿಂದ ಅವರು ಕಿಮ್ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ, ಮೂಲದ ಊರನ್ನು ಕೇಳುತ್ತಾರೆ. ಗಿಮ್ಹೆಯ ಕಿಮ್ ಬೇರೆ, ಆಂದೊಂಗ್‌ನ ಕಿಮ್ ಬೇರೆ. ಹೆಸರೂ ಮೂಲವೂ ಒಂದಾದವರು ಮದುವೆಯಾಗಕೂಡದೆಂಬ ಕಾನೂನು ಅಲ್ಲಿತ್ತು. ದೂರದೂರದ ಪ್ರೇಮಿಗಳಿಗೂ ಅದು ಅಡ್ಡಿಯಾದಾಗ 1997ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಅದು ಸಲ್ಲದೆಂದಿತು. 2005ರಲ್ಲಿ ಕಾನೂನೇ ಬದಲಾಯಿತು.

ಕೊರಿಯಾದ ಮಾತನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ನಮ್ಮಲ್ಲಿಯೂ ಅನೇಕ ಮನೆಗಳವರು ಸಂಬಂಧ ಬೆಳೆಸುವಾಗ ಬೆಡಗನ್ನು ವಿಚಾರಿಸುತ್ತಾರೆ. ಬೆಡಗು ಬೇರೆ, ಅಡ್ಡಹೆಸರು ಬೇರೆ. ಇವೆರಡನ್ನೂ ಕಲಸಿಕೊಂಡು, ಹೆಸರು ಕೂಡಿತೆಂಬ ಒಂದೇ ನೆವದಿಂದ ಒಳ್ಳೆಯ ಸಂಬಂಧವನ್ನು ಮುರಿದುಕೊಂಡ ಮನೆಯನ್ನು ನಾವು ಬಲ್ಲೆವು. ವಿಚಾರಿಸಿದಾಗ ಬೆಡಗೂ ಬೇರೆ, ಮೂಲದ ಊರೂ ಬೇರೆ ಎಂದು ತಿಳಿಯಿತು. ಅಷ್ಟರಲ್ಲಿ ಹುಡುಗನ ಕಡೆಯವರು ಬೇರೆಡೆ ವೀಳ್ಯ ಹಂಚಿಯಾಗಿತ್ತು. ಇಂದು ಸೌಜನ್ಯಕ್ಕೆಂದು ಹುಟ್ಟಿಸಿದ ಆ ‘ತಮ್ಮ’ನು ಐವತ್ತು ವರ್ಷಗಳ ಮೇಲೆ ಯಾವ ಹುಡುಗಿಯ ಲಗ್ನಕ್ಕೆ ಅಡ್ಡ ನಿಲ್ಲುವನೋ, ಯಾವ ಆಸ್ತಿಯ ವ್ಯಾಜ್ಯದಲ್ಲಿ ಪಾಲು ಕೇಳುವನೋ ಬಲ್ಲವರಾರು?

ಇದನ್ನು ಸಭೆಯಲ್ಲಿ ಹೇಳಿದಾಗ ಆ ಮೂರು ಮನೆಯವರ ಪೈಕಿ ಹಿರಿಯರೊಬ್ಬರು ಎದ್ದುನಿಂತು, ತಮಗೆ ಸುಳ್ಳು ಕೊಂಬೆ ಬೇಡ, ಬೇರೆ ಗಿಡವಾದರೂ ಆಗಲಿ, ಇದೇ ತೋಟದಲ್ಲಿದ್ದರೆ ಸಾಕು ಎಂದರು. ನಮಗಿಂತ ಅವರೇ ಚೆನ್ನಾಗಿ ಹೇಳಿದರೆಂದು ಒಪ್ಪುತ್ತೇವೆ. ಸಂಘದ ಪುಸ್ತಕದಲ್ಲಿ ಅವರ ವಂಶಾವಳಿಯನ್ನು ಪ್ರತ್ಯೇಕವಾಗಿ ಬರೆಯುವುದೆಂದು ಅಲ್ಲಿಯೇ ಠರಾವಾಯಿತು.

ಕಾರ್ಯಕ್ರಮ ಮುಗಿಯಿತೆಂದುಕೊಂಡಿದ್ದೆವು. ಎಂಬತ್ತು ದಾಟಿದ ತಾಯಿಯೊಬ್ಬರು ಮೊಮ್ಮಗಳ ಕೈ ಹಿಡಿದು ಆ ಬಟ್ಟೆಯ ಮುಂದೆ ನಿಂತು, “ಶಾಸ್ತ್ರಿಗಳ, ಈ ಗಿಡದಾಗ ನಾ ಎಲ್ಲಿ ಅದೀನ್ರಿ?” ಎಂದು ಕೇಳಿದರು. ಹುಡುಕಿದೆವು. ಅವರ ಯಜಮಾನರ ಹೆಸರಿತ್ತು, ಮೂವರು ಗಂಡುಮಕ್ಕಳ ಹೆಸರಿತ್ತು. ಅವರ ಹೆಸರಿರಲಿಲ್ಲ, ಹೆಣ್ಣುಮಕ್ಕಳಿಬ್ಬರ ಹೆಸರೂ ಇರಲಿಲ್ಲ. ಎಂಟು ತಲೆಮಾರಿನಲ್ಲಿ ಒಂದು ಹೆಣ್ಣಿನ ಹೆಸರೂ ಅಲ್ಲಿಲ್ಲವೆಂಬುದನ್ನು ಬೆಳಗಿನಿಂದ ಅದರ ಕೆಳಗೇ ಕುಳಿತಿದ್ದ ನಾವೂ ಗಮನಿಸಿರಲಿಲ್ಲ. ಹೆಳವರ ಹೊತ್ತಗೆಯನ್ನು ಅಷ್ಟು ಹೊಗಳಿದವರು ನಾವು. ಅದರ ಈ ಕೊರತೆಯನ್ನು ಹೇಳಲು ಮರೆತಿದ್ದೆವು. ಅಕ್ಕಮಹಾದೇವಿ, ನೀಲಾಂಬಿಕೆ, ಸತ್ಯಕ್ಕರ ಹೆಸರು ಹೇಳಿ ಉಪನ್ಯಾಸ ಮಾಡುವ ನಮಗೆ ಅಂದು ನಾಚಿಕೆಯಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಭಾಗವೆಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿಯೇ ಬಂತು. ದೇಶಕ್ಕೆಲ್ಲ 2005ರಲ್ಲಿ ಬಂತು. ಉತಾರದಲ್ಲಿ ಬಂದ ಹೆಸರು ವಂಶವೃಕ್ಷದಲ್ಲಿ ಬಾರದಿರುವುದು ಯಾವ ನ್ಯಾಯ?

ಆ ತಾಯಿ ತಮ್ಮ ತವರಿನ ಹೆಸರು, ಅತ್ತೆಯವರ ಹೆಸರು, ಅತ್ತೆಯವರ ಅತ್ತೆಯ ಹೆಸರು ಹೇಳುತ್ತ ಹೋದರು. ಮೊಮ್ಮಗಳು ಆಮಂತ್ರಣಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡಳು. ಐದು ತಲೆಮಾರು ಸಿಕ್ಕಿತು. ಬರುವ ಸಭೆಗೆ ಪ್ರತಿ ಮನೆಯವರೂ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಅವರ ತವರೂರನ್ನೂ ಬರೆದು ತರಬೇಕೆಂದು ಕಾರ್ಯದರ್ಶಿಗಳು ಈಗ ಎಲ್ಲರಿಗೂ ಸೂಚನೆ ಕಳುಹಿಸಿದ್ದಾರೆ. ಹಳೆಯ ಬಟ್ಟೆಯಲ್ಲಿ ಇದಕ್ಕೆಲ್ಲ ಸ್ಥಳ ಸಾಲದು, ಹೊಸದನ್ನೇ ಬರೆಯಿಸುತ್ತೇವೆ ಎಂದು ನಮಗೂ ತಿಳಿಸಿದ್ದಾರೆ.