ಅಟ್ಟದ ಮೇಲಿನ ಮಾಸ್ಕೋ: ರದ್ದಿಗೆ ಹಾಕುವ ಮುನ್ನ ಕೊನೇ ಪುಟ ನೋಡಿ

ಜವಳಗಿರಿ: ಹಳೇ ಮನೆ ಕೆಡವುವಾಗಲೋ, ಹಬ್ಬಕ್ಕೆ ಸುಣ್ಣ ಬಳಿಯುವಾಗಲೋ ಅಟ್ಟದಿಂದ ಇಳಿಯುವ ಟ್ರಂಕುಗಳಲ್ಲಿ ಏನೇನಿರುತ್ತೆ? ಹಳೇ ಪಹಣಿ, ಮದುವೆ ಪತ್ರಿಕೆ, ತುಕ್ಕು ಹಿಡಿದ ಬೀಗ. ಅವುಗಳ ಅಡಿಯಲ್ಲಿ ಒಮ್ಮೊಮ್ಮೆ ದಪ್ಪ ರಟ್ಟಿನ, ಬಣ್ಣದ ಚಿತ್ರಗಳ ಒಂದು ಪುಸ್ತಕ. ಅಕ್ಷರ ಕನ್ನಡದ್ದು, ಚಿತ್ರದಲ್ಲಿರೋದು ಮಾತ್ರ ಹಿಮ, ಕರಡಿ, ತುಪ್ಪಳದ ಟೋಪಿ ಹಾಕಿದ ಅಜ್ಜ. "ಅಯ್ಯೋ ಅದಾ, ರಷ್ಯಾ ಪುಸ್ತಕ, ರದ್ದಿಗೆ ಹಾಕ್ಬಿಡಿ" ಅಂತ ಯಾರಾದರೂ ಅಂದರೆ ಸ್ವಲ್ಪ ತಡೆಯಿರಿ. ಆ ಪುಸ್ತಕ ಮತ್ತೆ ಅಚ್ಚಾಗುವುದಿಲ್ಲ.

ಮಾಸ್ಕೋದ ಪ್ರಗತಿ ಪ್ರಕಾಶನ, ಅಂದರೆ ಪ್ರೋಗ್ರೆಸ್, ಹಿಂದಿ, ಬಂಗಾಳಿ, ತಮಿಳು, ತೆಲುಗು, ಮಲಯಾಳಗಳ ಜತೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತಿತ್ತು. ಅನುವಾದಕರು ಮಾಸ್ಕೋದಲ್ಲೇ ಕುಳಿತು ಕೆಲಸ ಮಾಡುತ್ತಿದ್ದರು. 1982ರಲ್ಲಿ ಕಥೆ ಕಾದಂಬರಿ, ಮಕ್ಕಳ ಪುಸ್ತಕಗಳಿಗೆಂದು ರಾದುಗ ಎಂಬ ಸಂಸ್ಥೆ ಬೇರೆಯಾಯಿತು. ರಾದುಗ ಅಂದರೆ ಕಾಮನಬಿಲ್ಲು. ವಿಜ್ಞಾನಕ್ಕೆ ಮಿರ್ ಇತ್ತು. ಕರ್ನಾಟಕದಲ್ಲಿ ಇವನ್ನು ಊರೂರಿಗೆ ಮುಟ್ಟಿಸಿದ್ದು 1960ರಲ್ಲಿ ಶುರುವಾದ ನವಕರ್ನಾಟಕ, ತಮಿಳುನಾಡಿನಲ್ಲಿ 1951ರ ನ್ಯೂ ಸೆಂಚುರಿ ಬುಕ್ ಹೌಸ್.

ನಮ್ಮ ಗಡಿಯ ವಿಶೇಷ ಇರೋದು ಇಲ್ಲೇ. ಆನೇಕಲ್ ಕಡೆಯಿಂದ ಕನ್ನಡದ ಪುಸ್ತಕ ಬಂದರೆ, ಹೊಸೂರು ಕಡೆಯಿಂದ ತಮಿಳಿನದು ಬರುತ್ತಿತ್ತು. ತೆಲುಗು ಮಾತಾಡುವ ಮನೆಗೆ ವಿಶಾಲಾಂಧ್ರದ ಪುಸ್ತಕ. ಕಥೆ ಒಂದೇ, ಚಿತ್ರ ಒಂದೇ, ಅಕ್ಷರ ಮೂರು ಥರ. ತಳಿ ಕ್ಷೇತ್ರ ಕಮ್ಯುನಿಸ್ಟ್ ಪಕ್ಷದವರನ್ನು ವಿಧಾನಸಭೆಗೆ ಕಳಿಸಿದ ಕ್ಷೇತ್ರ, 2021ರಲ್ಲೂ ಸಿಪಿಐ ಅಭ್ಯರ್ಥಿಯೇ ಗೆದ್ದರು. ಹಾಗಾಗಿ ಇಲ್ಲಿ ರಷ್ಯಾ ಪುಸ್ತಕ ಕಂಡರೆ ಆಶ್ಚರ್ಯ ಪಡಬೇಕಾದ್ದಿಲ್ಲ. ಆದರೆ ಕೊಂಡವರೆಲ್ಲ ಪಕ್ಷದವರೇ ಅಂದುಕೊಳ್ಳಬೇಡಿ. ಪುಸ್ತಕ ಅಗ್ಗ, ಕಾಗದ ಚೆನ್ನ, ಮಕ್ಕಳಿಗೆ ಚಿತ್ರ ಇಷ್ಟ. ಬಹಳ ಮನೆಗಳಿಗೆ ಅಷ್ಟೇ ಕಾರಣ ಸಾಕಿತ್ತು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ ಹರಿದು ಸ್ಕೂಲ್ ಪುಸ್ತಕಕ್ಕೆ ಬೈಂಡ್ ಹಾಕಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಪುಸ್ತಕದ ಹಡಗೂ ನಿಂತಿತು.

ಚಿತ್ರ ಬರೆದವರು

ಈ ಪುಸ್ತಕಗಳ ಬೆಲೆ ಅರ್ಧಕ್ಕರ್ಧ ಚಿತ್ರದಲ್ಲಿದೆ ಎಂದರೆ ತಪ್ಪಾಗಲಾರದು. ರಷ್ಯಾದಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯೋದು ದೊಡ್ಡ ಕಲಾವಿದರ ಕೆಲಸ. ಇವಾನ್ ಬಿಲಿಬಿನ್ ಎಂಬಾತ 1901ರಿಂದ ಜನಪದ ಕಥೆಗಳಿಗೆ ಬರೆದ ಚಿತ್ರಗಳು ಅಚ್ಚಾದದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸರ್ಕಾರದ ಬೆಲೆಬಾಳುವ ಕಾಗದಪತ್ರ ಮುದ್ರಿಸುವ ಅಚ್ಚುಕೂಟದಲ್ಲಿ. ಬಣ್ಣ ಅಷ್ಟು ಕರಾರುವಾಕ್ಕಾಗಿ ಬಂದದ್ದು ಅದಕ್ಕೇ. ಬಿಲಿಬಿನ್ 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ತೀರಿಕೊಂಡರು. ಮೋಜಿನ ಭೌತಶಾಸ್ತ್ರ ಬರೆದ ಯಾಕೋವ್ ಪೆರೆಲ್‌ಮನ್ ಕೂಡ ಅದೇ ವರ್ಷ, ಅದೇ ಮುತ್ತಿಗೆಯಲ್ಲಿ. ತತ್ಯಾನಾ ಮಾವ್ರಿನಾಗೆ 1976ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಪಶ್ಚಿಮದಲ್ಲಿ ರಷ್ಯನ್ ಸಾಹಿತ್ಯದ ಸಂಗ್ರಹಕಾರರು ಹುಡುಕೋದೇ ಬೇರೆ. ವರ್ಜೀನಿಯಾ ವುಲ್ಫ್ ಮತ್ತು ಲೆನಾರ್ಡ್ ವುಲ್ಫ್ ದಂಪತಿ 1917ರಲ್ಲಿ ಕೈ ಅಚ್ಚಿನ ಯಂತ್ರ ತಂದು ಹೋಗಾರ್ತ್ ಪ್ರೆಸ್ ಶುರು ಮಾಡಿದರು. 1920ರಲ್ಲಿ ಅದು ಟಾಲ್‌ಸ್ಟಾಯ್ ಬಗ್ಗೆ ಗಾರ್ಕಿ ಬರೆದ ನೆನಪುಗಳನ್ನು ಇಂಗ್ಲಿಷಿನಲ್ಲಿ ತಂದಿತು. ಅಮೆರಿಕದ ಲಿಮಿಟೆಡ್ ಎಡಿಷನ್ಸ್ ಕ್ಲಬ್ 1933ರಲ್ಲಿ 'ಅನ್ನಾ ಕರೆನಿನ'ವನ್ನು ಮರದಚ್ಚಿನ ಚಿತ್ರಗಳೊಂದಿಗೆ ಮಾಸ್ಕೋದಲ್ಲೇ ಮುದ್ರಿಸಿತು, ಹಾಕಿದ್ದು 1,500 ಪ್ರತಿ. ಅದು ಸಾಹುಕಾರರ ಆಟ. ನಮ್ಮ ಪುಸ್ತಕ ಸಾವಿರಾರು ಪ್ರತಿ ಅಚ್ಚಾದದ್ದು, ರೂಪಾಯಿ ಲೆಕ್ಕದಲ್ಲಿ ಮಾರಿದ್ದು. ಆದರೆ ಮಕ್ಕಳು ಹರಿದರು, ಗೆದ್ದಲು ತಿಂತು, ಉಳಿದದ್ದು ತೂಕಕ್ಕೆ ಹೋಯ್ತು. ಹೀಗಾಗಿ ಅಗ್ಗದ ಪುಸ್ತಕವೇ ಈಗ ಅಪರೂಪ.

ಕೊನೇ ಪುಟದ ಗುಟ್ಟು

ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಕ್ಕೂ, ರಷ್ಯನ್ ಕೃತಿಯನ್ನು ಇಲ್ಲೇ ಅನುವಾದಿಸಿ ಇಲ್ಲೇ ಅಚ್ಚು ಹಾಕಿದ್ದಕ್ಕೂ ವ್ಯತ್ಯಾಸವಿದೆ. ನಿರಂಜನರು ಗಾರ್ಕಿಯ 'ತಾಯಿ'ಯನ್ನು ಕನ್ನಡಕ್ಕೆ ತಂದರು. ದೇಜಗೌ, ಓ.ಎಲ್. ನಾಗಭೂಷಣ ಸ್ವಾಮಿ ಟಾಲ್‌ಸ್ಟಾಯ್ ತಂದರು. ಅವೆಲ್ಲ ನಮ್ಮ ನೆಲದ ಕೆಲಸ. ಮಾಸ್ಕೋದ್ದು ಗುರುತಿಸಬೇಕಾದರೆ ಕೊನೇ ಪುಟ ತೆಗೆಯಿರಿ. ಸಾಮಾನ್ಯವಾಗಿ ಅಲ್ಲಿ ಸಣ್ಣ ರಷ್ಯನ್ ಅಕ್ಷರದಲ್ಲಿ ಹತ್ತಾರು ಸಾಲು ಇರುತ್ತೆ. ಅಚ್ಚಿಗೆ ಕಳಿಸಿದ ತಾರೀಖು, ಕಾಗದದ ಅಳತೆ, 'ತಿರಾಜ್' ಎಂಬ ಪದದ ಮುಂದೆ ಪ್ರತಿಗಳ ಸಂಖ್ಯೆ. ರಷ್ಯನ್ನಿನಲ್ಲಿ 'ಕನ್ನಡ' ಅಂತಲೂ ಬರೆದಿರುತ್ತೆ. ಇಂಗ್ಲಿಷಿನ 'ಎಚ್' ಥರ ಕಾಣೋದೇ ಅವರ 'ನ', ಹಾಗಾಗಿ ನಡುವೆ ಎರಡು 'ಎಚ್' ಇರುವ ಪದ ಹುಡುಕಿ.

ಕೊಳ್ಳುವ ಆಸೆ ಇದ್ದವರಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು ಹತ್ತಿರ. 1945ರ ಸೆಲೆಕ್ಟ್ ಬುಕ್ ಶಾಪ್ ಎಂಬ ಹೆಸರು ಸಂಗ್ರಹಕಾರರಿಗೆಲ್ಲ ಗೊತ್ತು. ಮದರಾಸಿನ ಮೂರ್ ಮಾರ್ಕೆಟ್ 1985ರ ಬೆಂಕಿಯಲ್ಲಿ ಸುಟ್ಟುಹೋಯಿತು, ಅದರ ಜತೆ ಎಷ್ಟು ಹಳೇ ಪುಸ್ತಕ ಹೋಯ್ತೋ. ಇಂಗ್ಲಿಷಿನ ಸೋವಿಯತ್ ಪುಸ್ತಕಗಳನ್ನು ಆಸಕ್ತರು ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಹಾಕಿದ್ದಾರೆ. ಕನ್ನಡದವು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮನೆಯಲ್ಲೇ ಇದ್ದರೆ ಒಂದೆರಡು ಮಾತು. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಲೇಬೇಡಿ, ಕೆಲವು ವರ್ಷಕ್ಕೆ ಹಳದಿಯಾಗಿ ಚಿತ್ರವನ್ನೂ ಕೆಡಿಸುತ್ತೆ. ಮಕ್ಕಳ ತೆಳು ಪುಸ್ತಕಗಳ ನಡುವಿನ ಪಿನ್ನು ತುಕ್ಕು ಹಿಡಿದಿದ್ದರೆ ನಿಧಾನಕ್ಕೆ ಬಿಡಿಸಿ ದಾರದಲ್ಲಿ ಹೊಲಿಯಿರಿ. ನಮ್ಮ ಕಡೆ ಕಾಡಿನ ತಂಪು ಜಾಸ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೂಷ್ಟು ಗ್ಯಾರಂಟಿ.

ಓದೋರು ಯಾರು?

ಕಷ್ಟದ ಪ್ರಶ್ನೆ ಇದು. 2006ರ ಕಾಯ್ದೆಯ ಪ್ರಕಾರ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಗುತ್ತಾ ಬಂತು, ಆ ಮೊದಲ ತಂಡ ಹತ್ತನೇ ತರಗತಿಗೆ ಬಂದದ್ದು 2015-16ರಲ್ಲಿ. ಮಕ್ಕಳು ತಮಿಳು ಕಲಿತರೆ ನಷ್ಟವೇನಿಲ್ಲ, ಈ ನೆಲದಲ್ಲಿ ಬದುಕೋಕೆ ಬೇಕೇ ಬೇಕು. ಆದರೆ ಮನೆಯಲ್ಲಿ ಕನ್ನಡ ಮಾತಾಡಿ, ಕನ್ನಡದ ಅಕ್ಷರ ಕಂಡರೆ "ತಾತ, ನೀನೇ ಓದು" ಅನ್ನೋ ಮಕ್ಕಳು ಹೆಚ್ಚಾಗುತ್ತಿರುವುದು ಸುಳ್ಳಲ್ಲ. ಅಜ್ಜ ಅಜ್ಜಿ ಇರೋವರೆಗೆ ಓದಿಯಾರು. ಆಮೇಲೆ ಟ್ರಂಕಿನ ಪುಸ್ತಕಕ್ಕೆ ರದ್ದಿಯವನೇ ಗತಿ.

ಇದಕ್ಕೆ ಚಿತ್ರದ ಪುಸ್ತಕದಷ್ಟು ಒಳ್ಳೇ ಮದ್ದು ಪಠ್ಯಪುಸ್ತಕವಲ್ಲ ಅನ್ನೋದು ನನ್ನ ಅನಿಸಿಕೆ. ಕರಡಿಯ ಚಿತ್ರ ನೋಡಿದ ಮಗು ಕೆಳಗೆ ಬರೆದಿರೋದು 'ಕರಡಿ' ಅಂತ ತಾನೇ ಊಹಿಸುತ್ತೆ. ಪಕ್ಕದ ಮನೆಯಲ್ಲಿ ಅದೇ ಪುಸ್ತಕ ತಮಿಳಿನಲ್ಲಿದ್ದರೆ ಇನ್ನೂ ಸುಲಭ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಎರಡು ಭಾಷೆಯ ಪ್ರತಿಯೂ ಇರುವ ಮನೆಯವರು, ಒಂದನ್ನೂ ಮಾರಬೇಡಿ.